ಜೀನ್ಸಿಗೆ ಯಾವ ಸಿಲಿಕೋನ್? ಒಂದೊಂದು ಕ್ಯಾನೂ ಯಾಕೆ ಹುಟ್ಟಿತು ಅನ್ನುವ ಕಥೆ

ಪ್ರಶ್ನೆ: ಸರ್, ನಮ್ಮದು ಬಳ್ಳಾರಿಯಲ್ಲಿ ಸಣ್ಣ ಜೀನ್ಸ್ ವಾಷಿಂಗ್ ಯೂನಿಟ್. ಅಪ್ಪ ಶುರು ಮಾಡಿದ್ದು. ಅವರ ಕಾಲದಲ್ಲಿ ಸಾಫ್ಟನರ್ ಅಂದರೆ ಬಿಳಿ ಫ್ಲೇಕ್ಸ್. ಬಿಸಿನೀರಿನ ಡ್ರಮ್ಮಿನಲ್ಲಿ ಕರಗಿಸಿ, ಗಂಜಿಯಂತೆ ಮಾಡಿ ಹಾಕುತ್ತಿದ್ದರು. ಈಗ ಬರುವವರೆಲ್ಲ ಸಿಲಿಕೋನ್ ಅನ್ನುತ್ತಾರೆ. ಮ್ಯಾಕ್ರೊ, ಮೈಕ್ರೊ, ಅಮೈನೊ, ಹೈಡ್ರೊಫಿಲಿಕ್ ಅಂತ ನಾಲ್ಕು ಕ್ಯಾನು, ನಾಲ್ಕು ರೇಟು. ಇವು ನಿಜಕ್ಕೂ ಬೇರೆ ಬೇರೆಯಾ? ಹೋದ ಬೇಸಿಗೆಯಲ್ಲಿ ತಿಳಿ ಬಣ್ಣದ ಒಂದು ಲಾಟು ಗೋದಾಮಿನಲ್ಲೇ ಹಳದಿಯಾಯಿತು. ಇನ್ನೊಂದು ಲಾಟಿನಲ್ಲಿ ಎಣ್ಣೆ ಕಲೆ ಬಂತು. ತಪ್ಪು ಎಲ್ಲಿ ಅಂತ ತಿಳಿಸಿ.

ಉತ್ತರ: ನಾಲ್ಕೂ ಬೇರೆ ಬೇರೆಯೇ. ಮ್ಯಾಕ್ರೊ, ಮೈಕ್ರೊ ಅನ್ನುವುದು ಹನಿಯ ಗಾತ್ರದ ಹೆಸರು; ಅಮೈನೊ, ಹೈಡ್ರೊಫಿಲಿಕ್ ಅನ್ನುವುದು ಸಿಲಿಕೋನಿನ ಜಾತಿಯ ಹೆಸರು. ಆದರೆ ಒಂದಕ್ಕಿಂತ ಒಂದು ಮೇಲು ಅಂತ ತಿಳಿಯಬೇಡಿ. ಒಂದೊಂದು ಕ್ಯಾನೂ ಅದರ ಹಿಂದಿನದರಲ್ಲಿದ್ದ ಯಾವುದೋ ಒಂದು ತೊಂದರೆ ಕಳೆಯಲು ಹುಟ್ಟಿದ್ದು. ಆ ತೊಂದರೆ ನಿಮ್ಮ ಲಾಟಿನಲ್ಲಿ ಇಲ್ಲ ಅಂದರೆ ಆ ಕ್ಯಾನಿಗೆ ಹೆಚ್ಚು ದುಡ್ಡು ಕೊಡಬೇಕಿಲ್ಲ. ಹಾಗಾಗಿ ಸ್ವಲ್ಪ ಹಳೆಯ ಕಥೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಹಳದಿಗೂ ಎಣ್ಣೆ ಕಲೆಗೂ ಉತ್ತರ ಅದರೊಳಗೇ ಇದೆ.

ಬಟ್ಟೆ ಒರಟಾಗುವುದು ಯಾಕೆ? ಹತ್ತಿಯ ಎಳೆಯ ಮೇಲೆ ಹುಟ್ಟಿನಿಂದಲೇ ತೆಳುವಾದ ಮೇಣ ಇರುತ್ತದೆ. ರಾಯಚೂರು ಕಡೆ ಜಿನ್ನಿಂಗ್ ಮಿಲ್ಲಿನಲ್ಲಿ ಆಗ ತಾನೇ ಬೀಜ ಬಿಡಿಸಿದ ಅರಳೆ ಮುಟ್ಟಿ ನೋಡಿ, ಆ ನುಣುಪು ಕೈಗೆ ಗೊತ್ತಾಗುತ್ತದೆ. ಬಟ್ಟೆಯಾಗುವ ಹಾದಿಯಲ್ಲಿ ಸೋಡಾ, ಬ್ಲೀಚು, ಬಿಸಿನೀರು ಸೇರಿ ಆ ಮೇಣವನ್ನು ತೆಗೆದುಬಿಡುತ್ತವೆ. ಆಮೇಲೆ ಎಳೆಗೆ ಎಳೆ ಉಜ್ಜುತ್ತದೆ. ಒಣಗುವಾಗ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಜೀನ್ಸಿನಲ್ಲಿ ಇದರ ಜೊತೆಗೆ ಸ್ಟಾರ್ಚ್ ಗಂಜಿಯೂ ಇರುತ್ತದೆ. ಸಾಫ್ಟನರ್ ಮಾಡುವ ಕೆಲಸ ಇಷ್ಟೇ: ಕಳೆದುಹೋದ ಆ ಜಾರುವ ಪದರವನ್ನು ವಾಪಸ್ ಕೊಡುವುದು.

ಸಿಲಿಕೋನ್ ಬರುವ ಮೊದಲು ಈ ಕೆಲಸವನ್ನು ಎಣ್ಣೆ, ಸೋಪು, ದನದ ಕೊಬ್ಬು ಮಾಡುತ್ತಿದ್ದವು. ನಮ್ಮ ಹೊಲದ ಔಡಲಕ್ಕೂ ಇದರಲ್ಲಿ ಪಾಲಿದೆ. ಹರಳೆಣ್ಣೆಗೆ ಗಂಧಕಾಮ್ಲ ಸೇರಿಸಿದರೆ ನೀರಿನಲ್ಲಿ ಬೆರೆಯುವ ಎಣ್ಣೆಯಾಗುತ್ತದೆ. ಅದೇ ಟರ್ಕಿ ರೆಡ್ ಆಯಿಲ್. 19ನೇ ಶತಮಾನದಿಂದಲೂ ಬಣ್ಣದ ಮನೆಗಳಲ್ಲಿ ಅದು ಬಳಕೆಯಲ್ಲಿದೆ. ನಿಮ್ಮ ಅಪ್ಪ ಹಾಕುತ್ತಿದ್ದ ಫ್ಲೇಕ್ಸ್ ಅದರ ಮುಂದಿನ ತಲೆಮಾರಿನದು. ಕೊಬ್ಬಿನ ಉದ್ದ ಬಾಲ, ತುದಿಯಲ್ಲಿ ಧನ ವಿದ್ಯುದಂಶ ಇರುವ ತಲೆ. ಹತ್ತಿ ನೀರಿನಲ್ಲಿ ಋಣ ವಿದ್ಯುದಂಶ ಹೊತ್ತಿರುತ್ತದೆ. ಹೀಗಾಗಿ ತಲೆ ಬಟ್ಟೆಗೆ ಅಂಟುತ್ತದೆ, ಬಾಲ ಹೊರಗೆ ಜಾರುತ್ತದೆ. ಈ ಚಿತ್ರ ಮನಸ್ಸಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಈಗ ಸಿಲಿಕೋನಿಗೆ ಬರೋಣ. ಸಿಲಿಕಾನ್ ಬೇರೆ, ಸಿಲಿಕೋನ್ ಬೇರೆ. ಸಿಲಿಕಾನ್ ಅಂದರೆ ಮರಳಿನಲ್ಲಿ ಆಮ್ಲಜನಕದ ಜೊತೆ ಕೂಡಿಕೊಂಡಿರುವ ಮೂಲವಸ್ತು. ಸಿಲಿಕೋನ್ ಅಂದರೆ ಆ ಸಿಲಿಕಾನ್–ಆಮ್ಲಜನಕದ ಕೊಂಡಿಗಳನ್ನು ಉದ್ದ ಸರಪಳಿ ಮಾಡಿ, ಅದರ ಎರಡೂ ಮಗ್ಗುಲಿಗೆ ಮೀಥೈಲ್ ಗುಂಪುಗಳನ್ನು ತೊಡಿಸಿದ ವಸ್ತು. ಬೆನ್ನೆಲುಬು ಮರಳಿನದು, ಮೈಮೇಲಿನ ತೊಗಲು ಎಣ್ಣೆಯದು ಅಂದುಕೊಳ್ಳಿ. ಈ ಬೆನ್ನೆಲುಬು ಎಷ್ಟು ಸಡಿಲ ಅಂದರೆ ಸೊನ್ನೆಗಿಂತ 120 ಡಿಗ್ರಿ ಕೆಳಗೆ ಹೋದರೂ ಗಾಜಿನಂತೆ ಬಿಗಿಯುವುದಿಲ್ಲ. ನೀರಿನ ಮೇಲ್ಮೈ ಎಳೆತ 72 ಅಂತ ಲೆಕ್ಕ ಹಿಡಿದರೆ ಇದರದು 21ರ ಆಸುಪಾಸು. ಅದಕ್ಕೇ ಒಂದು ಹನಿ ಸಾಕು, ಎಲ್ಲ ಕಡೆ ಹರಡಿಕೊಳ್ಳುತ್ತದೆ. ಎಳೆಗಳ ನಡುವೆ ಜಾರುವ ಪದರ ಬೇಕು ಅಂದರೆ ಇದಕ್ಕಿಂತ ತಕ್ಕ ವಸ್ತು ಹುಡುಕುವುದು ಕಷ್ಟ.

ಇಂಥ ವಸ್ತುವನ್ನು ಮೊದಲು ಕೈಯಲ್ಲಿ ಹಿಡಿದವರೇ ಅದನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಫ್ರೆಡ್ರಿಕ್ ಸ್ಟ್ಯಾನ್ಲಿ ಕಿಪ್ಪಿಂಗ್ ಅನ್ನುವ ರಸಾಯನ ವಿಜ್ಞಾನಿ 1899ರಿಂದ ಸುಮಾರು ನಾಲ್ಕು ದಶಕ ಸಿಲಿಕಾನಿನ ಸಂಯುಕ್ತಗಳನ್ನು ಓದಿದರು. ಸಿಲಿಕೋನ್ ಅನ್ನುವ ಹೆಸರು ಅವರು ಕೊಟ್ಟದ್ದೇ. ಅವರಿಗೆ ಬೇಕಿದ್ದದ್ದು ಅಚ್ಚುಕಟ್ಟಾದ ಹರಳುಗಳು. ಪಾತ್ರೆಯ ತಳದಲ್ಲಿ ಉಳಿಯುತ್ತಿದ್ದ ಅಂಟು ಅವರಿಗೆ ಬರೀ ಕಾಟ. 1937ರಲ್ಲಿ ಅಚ್ಚಾದ ಉಪನ್ಯಾಸದಲ್ಲಿ ಈ ಕ್ಷೇತ್ರದಲ್ಲಿ ಸದ್ಯಕ್ಕೆ ದೊಡ್ಡ ಮುನ್ನಡೆಯ ಆಸೆ ಕಾಣುವುದಿಲ್ಲ ಎಂದೇ ಹೇಳಿದರು. ಮೂರೇ ವರ್ಷಕ್ಕೆ, 1940ರಲ್ಲಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಯೂಜೀನ್ ರೋಚೊ ದಾರಿ ತೆರೆದರು. ಸಿಲಿಕಾನ್ ಪುಡಿಗೆ ತಾಮ್ರ ಬೆರೆಸಿ, ಸುಮಾರು 300 ಡಿಗ್ರಿ ಬಿಸಿಯಲ್ಲಿ ಮೀಥೈಲ್ ಕ್ಲೋರೈಡ್ ಅನಿಲ ಹಾಯಿಸಿದರೆ ಸಿಲಿಕೋನಿನ ಕಚ್ಚಾ ವಸ್ತು ನೇರವಾಗಿ ಸಿಗುತ್ತದೆ ಅನ್ನುವುದು ಅವರ ಶೋಧ. ಜರ್ಮನಿಯಲ್ಲಿ ರಿಚರ್ಡ್ ಮ್ಯೂಲರ್ ಅದೇ ಹೊತ್ತಿಗೆ, ತಮ್ಮಷ್ಟಕ್ಕೆ ತಾವೇ, ಇದೇ ದಾರಿ ಕಂಡುಕೊಂಡರು. 1943ರಲ್ಲಿ ಡೌ ಕಾರ್ನಿಂಗ್ ಕಂಪನಿ ಹುಟ್ಟಿತು. ಯುದ್ಧದ ಕಾಲ ಅದು. ಮೊದಲ ಸಿಲಿಕೋನುಗಳು ಹೋಗಿದ್ದು ವಿಮಾನದ ಎಂಜಿನ್ನಿಗೆ, ಬಟ್ಟೆಗಲ್ಲ.

ಬಟ್ಟೆಗೆ ಅದು ಬಂದದ್ದು ಮೆತ್ತಗೆ ಮಾಡಲು ಅಲ್ಲ, ಮಳೆ ನೀರು ತಡೆಯಲು. ಜನರಲ್ ಎಲೆಕ್ಟ್ರಿಕ್‌ನವರೇ ಆದ ವಿಂಟನ್ ಪ್ಯಾಟ್ನೋಡ್ ಈ ಕಚ್ಚಾ ವಸ್ತುವಿನ ಆವಿ ತಾಗಿದ ಕಾಗದ, ಬಟ್ಟೆಗಳ ಮೇಲೆ ನೀರು ಕೆಸುವಿನ ಎಲೆಯ ಮೇಲಿನಂತೆ ಉರುಳುವುದನ್ನು ತೋರಿಸಿ 1942ರಲ್ಲಿ ಪೇಟೆಂಟ್ ಪಡೆದರು. ಆದರೆ ಆ ಆವಿಯಿಂದ ಹೈಡ್ರೋಕ್ಲೋರಿಕ್ ಆಮ್ಲ ಬಿಡುಗಡೆಯಾಗುತ್ತದೆ. ಹತ್ತಿ ಅದಕ್ಕೆ ತಡೆಯುವುದಿಲ್ಲ, ಪಿಸಿದುಹೋಗುತ್ತದೆ. ಮೊದಲ ದೋಷ ಇದು. ಅದನ್ನು ಕಳೆಯಲು ಆಮ್ಲ ಬಿಡದ, ನೀರಿನಲ್ಲಿ ಹಾಲಿನಂತೆ ಬೆರೆಯುವ ಸಿಲಿಕೋನ್ ಬಂತು. 1950ರ ದಶಕದಲ್ಲಿ ರೇನ್‌ಕೋಟಿನ ಬಟ್ಟೆಗಳಿಗೆ ಅದನ್ನು ಹಾಕುವಾಗ ಬಟ್ಟೆ ಮೆತ್ತಗೂ ಆಗುತ್ತಿದ್ದದ್ದು ಕಾಣಿಸಿತು.

ಆ ಮೆತ್ತನೆಗೆ ಬೆಲೆ ಬಂದದ್ದು ಇಸ್ತ್ರಿ ಬೇಡದ ಬಟ್ಟೆಗಳಿಂದ. ಸುಕ್ಕಾಗದಿರಲಿ ಅಂತ ಹತ್ತಿಗೆ ರಾಳ ಹಾಕುತ್ತಿದ್ದರು. ಬಟ್ಟೆ ರಟ್ಟಿನಂತೆ ಆಗುತ್ತಿತ್ತು, ಎಳೆದರೆ ಪರ್ರನೆ ಹರಿಯುತ್ತಿತ್ತು, ಹೊಲಿಯುವಾಗ ಸೂಜಿ ನೂಲನ್ನೇ ಕತ್ತರಿಸುತ್ತಿತ್ತು. ರಾಳದ ಜೊತೆ ಸ್ವಲ್ಪ ಸಿಲಿಕೋನ್ ಸೇರಿಸಿದರೆ ನೂಲು ನೂಲು ಜಾರಿ, ಎಳೆತ ಹಂಚಿಕೊಂಡು, ಹರಿಯುವುದು ಕಡಿಮೆಯಾಯಿತು. ಇದನ್ನು ನೀವು ದಿನಾ ನೋಡುತ್ತಿದ್ದೀರಿ. ಬಳ್ಳಾರಿಯ ಹೊಲಿಗೆ ಮಷಿನುಗಳು ನಾಲ್ಕು ಪದರ ಡೆನಿಮ್ ಮೇಲೆ ಆ ವೇಗದಲ್ಲಿ ಓಡಿದರೂ ದಾರ ಸುಟ್ಟು ತುಂಡಾಗದಿರುವುದಕ್ಕೆ ದಾರಕ್ಕೆ ಮೊದಲೇ ಬಳಿದಿರುವ ಸಿಲಿಕೋನ್ ಅಥವಾ ಮೇಣವೇ ಕಾರಣ.

ಈಗ ನಿಮ್ಮ ಕ್ಯಾನುಗಳ ಹತ್ತಿರ ಬಂದೆವು. ಹಳೆಯ ಸಾದಾ ಸಿಲಿಕೋನಿಗೆ ಬಟ್ಟೆಯ ಮೇಲೆ ಹಿಡಿತ ಇರಲಿಲ್ಲ. ನಾಲ್ಕು ಒಗೆತಕ್ಕೆ ಹೋಗಿಬಿಡುತ್ತಿತ್ತು. ಆಗ ರಸಾಯನ ಶಾಸ್ತ್ರಜ್ಞರು ಫ್ಲೇಕ್ಸಿನ ಉಪಾಯವನ್ನೇ ಸಿಲಿಕೋನಿಗೆ ತಂದರು. ಸರಪಳಿಯಲ್ಲಿ ಅಲ್ಲಲ್ಲಿ ಅಮೈನ್ ಅನ್ನುವ, ಸಾರಜನಕ ಇರುವ ಗುಂಪು ಕಟ್ಟಿದರು. ಸ್ವಲ್ಪ ಹುಳಿ ಇರುವ ನೀರಿನಲ್ಲಿ ಅಮೈನು ಧನ ವಿದ್ಯುದಂಶ ಹೊತ್ತು ಹತ್ತಿಯನ್ನು ಹಿಡಿಯುತ್ತದೆ. ಮೀಥೈಲ್ ಮೈ ಹೊರಕ್ಕೆ ತಿರುಗುತ್ತದೆ. 1970ರ ದಶಕದಿಂದ ಮೇಲೇರಿದ ಈ ಅಮೈನೊ ಸಿಲಿಕೋನ್ ಕೊಟ್ಟ ಮೆತ್ತನೆಯನ್ನು ಬೇರೆ ಯಾವುದೂ ಕೊಟ್ಟಿರಲಿಲ್ಲ ಅಂತ ನಾನು ಗಟ್ಟಿಯಾಗಿ ಹೇಳಬಲ್ಲೆ. ಕಲ್ಲು ಹಾಕಿ ಒಗೆದ ಜೀನ್ಸು, 1980ರ ದಶಕದ ಕೊನೆಗೆ ಬಂದ ಎಂಜೈಮ್ ವಾಷು, ಇವುಗಳ ಜೊತೆಗೇ ಅಮೈನೊ ಸಿಲಿಕೋನೂ ಬೆಳೆಯಿತು. ಅಂಗಡಿಯಲ್ಲಿ ಹೊಚ್ಚ ಹೊಸ ಜೀನ್ಸು ಹತ್ತು ವರ್ಷ ಹಾಕಿದ ಹಾಗೆ ಹಿತವಾಗಿರಬೇಕು ಅಂತ ಗಿರಾಕಿ ಕೇಳತೊಡಗಿದ್ದು ಆಗಲೇ ಅಲ್ವಾ?

ಅಮೈನಿಗೆ ಎರಡು ದೋಷ. ಒಂದು ಹಳದಿ, ಅದನ್ನು ಆಮೇಲೆ ಬಿಡಿಸಿ ಹೇಳುತ್ತೇನೆ. ಇನ್ನೊಂದು ಎಣ್ಣೆ ಕಲೆ. ಸಿಲಿಕೋನ್ ಎಣ್ಣೆ ನೀರಿಗೆ ಬೆರೆಯದ ವಸ್ತು. ಅದನ್ನು ಸಣ್ಣ ಹನಿಗಳಾಗಿ ಒಡೆದು, ಸುತ್ತ ಸಾಬೂನಿನಂಥ ವಸ್ತುವಿನ ಕಾವಲು ಇಟ್ಟಿರುತ್ತಾರೆ. ಹನಿ 150ರಿಂದ 300 ನ್ಯಾನೊಮೀಟರ್ ಇದ್ದರೆ ಅದು ಮ್ಯಾಕ್ರೊ, ನೋಡಲು ಹಾಲು. 100ಕ್ಕಿಂತ ಕಡಿಮೆ ಇದ್ದರೆ ಮೈಕ್ರೊ, ನೋಡಲು ಬೆಳಕು ಹಾಯುವ ತಿಳಿ ನೀಲಿ ಛಾಯೆ. ಮೈಕ್ರೊ ಅಂತ ಯಾರಾದರೂ ಹಾಲಿನಂಥದ್ದನ್ನು ಕೊಟ್ಟರೆ ಗಾಜಿನ ಲೋಟಕ್ಕೆ ಹಾಕಿ ಬೆಳಕಿಗೆ ಹಿಡಿಯಿರಿ, ಅಷ್ಟು ಸಾಕು. ದೊಡ್ಡ ಹನಿ ಬಟ್ಟೆಯ ಮೇಲ್ಮೈಯಲ್ಲೇ ಉಳಿಯುತ್ತದೆ, ಕೈಗೆ ಜಾರುವ ನುಣುಪು ಜಾಸ್ತಿ. ಸಣ್ಣ ಹನಿ ನೂಲಿನ ಒಳಕ್ಕೆ ಇಳಿಯುತ್ತದೆ, ಬಟ್ಟೆ ಒಳಗಿನಿಂದ ಮೆತ್ತಗಾಗುತ್ತದೆ. ಆದರೆ 1980ರ ದಶಕದಲ್ಲಿ ಮೈಕ್ರೊ ಹರಡಲು ಮುಖ್ಯ ಕಾರಣ ಅದು ಸುಲಭವಾಗಿ ಒಡೆಯುವುದಿಲ್ಲ ಅನ್ನುವುದು. ಮಷಿನಿನ ರಭಸ, ಬಿಸಿ, ಉಪ್ಪು ತಡೆದುಕೊಳ್ಳುವ ಶಕ್ತಿ ಅದಕ್ಕೆ ಹೆಚ್ಚು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಒಂದು ಲಾಟು ಹಾಳು ಮಾಡಿದ್ದೇನೆ. ತಿಳಿ ನೀಲಿ ಪ್ಯಾಂಟುಗಳು. ಟಂಬ್ಲರ್ ಡ್ರೈಯರಿನಿಂದ ಹೊರಗೆ ಬಂದಾಗ ತೊಡೆಯ ಭಾಗದಲ್ಲಿ ಕೊಬ್ಬರಿ ಎಣ್ಣೆ ಚಿಮ್ಮಿದಂತೆ ಕಲೆ. ಸಾಫ್ಟನರ್ ಕೊಟ್ಟವರ ಮೇಲೆ ಎರಡು ದಿನ ಜಗಳ ಮಾಡಿದೆ. ಆಮೇಲೆ ಕೊನೆಯ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ನೋಡಿದರೆ 9ರ ಮೇಲಿತ್ತು; 7ಕ್ಕಿಂತ ಮೇಲೆ ಹೋದರೆ ಕ್ಷಾರ. ಸೋಡಾ ಹಾಕಿ ಒಗೆದ ಮೇಲೆ ಒಂದು ನೀರು ಉಳಿಸಲು ಹೋಗಿದ್ದೆವು. ಕ್ಷಾರದಲ್ಲಿ ಅಮೈನಿನ ವಿದ್ಯುದಂಶ ಹೋಗುತ್ತದೆ, ಹನಿಗಳು ಒಂದಕ್ಕೊಂದು ಸೇರಿ ಎಣ್ಣೆಯಾಗಿ ಮೇಲೆ ತೇಲುತ್ತವೆ. ಕ್ಯಾನಿನಲ್ಲಿ ಏನೂ ತಪ್ಪಿರಲಿಲ್ಲ. ಅವರ ಹತ್ತಿರ ಹೋಗಿ ಕ್ಷಮೆ ಕೇಳಿ ಬಂದೆ. ಅಂದಿನಿಂದ ಪಿಎಚ್ ಪೇಪರ್ ಇಲ್ಲದೆ ಸಾಫ್ಟನರ್ ಹಾಕಿದ್ದಿಲ್ಲ.

ನಿಮ್ಮ ಎಣ್ಣೆ ಕಲೆಯ ಲಾಟಿಗೂ ಕಾರಣ ಇಂಥದ್ದೇ ಇರಬೇಕು. ಸೋಡಾ ಉಳಿದಿರಬಹುದು. ಡಿಟರ್ಜೆಂಟು ಪೂರ್ತಿ ಹೋಗದೆ ಇರಬಹುದು, ಅದು ಋಣ ವಿದ್ಯುದಂಶದ್ದು, ಅಮೈನನ್ನು ಹಿಡಿದು ಗಡ್ಡೆ ಕಟ್ಟಿಸುತ್ತದೆ. ಬಿಳಿ ಹೊಳಪು ಕೊಡುವ ಪುಡಿಯೂ ಹಾಗೇ. ಗಡಸು ಬೋರ್ ನೀರು ಇನ್ನೊಂದು ಕಾರಣ. ಪರೀಕ್ಷೆ ಸುಲಭ. ಮಷಿನಿನ ಕೊನೆಯ ಜಾಲಾಡಿದ ನೀರನ್ನೇ ಒಂದು ಲೋಟ ತೆಗೆದುಕೊಳ್ಳಿ. ನೀವು ಹಾಕುವ ಲೆಕ್ಕದಲ್ಲೇ ಸಾಫ್ಟನರ್ ಬೆರೆಸಿ, ಕೈ ತಾಳುವಷ್ಟು ಬಿಸಿ ಮಾಡಿ ಅರ್ಧ ಗಂಟೆ ಇಡಿ. ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪದರ ಕಂಡರೆ ಆ ನೀರಿಗೆ ಆ ಕ್ಯಾನು ಆಗುವುದಿಲ್ಲ. ಟ್ಯಾಂಕರ್ ನೀರಿನಲ್ಲಿ ಇದನ್ನೇ ಮಾಡಿ ಹೋಲಿಸಿ. ಸಾಫ್ಟನರ್ ನೀರಿಗೆ ಮೊದಲು ಅಸಿಟಿಕ್ ಆಮ್ಲ ಹಾಕಿ ಪಿಎಚ್ 5ರಿಂದ 5.5ಕ್ಕೆ ತನ್ನಿ, ಆಮೇಲೆ ಸಾಫ್ಟನರ್. ಈ ಕ್ರಮ ತಿರುಗುಮುರುಗು ಮಾಡಬೇಡಿ. 40 ಡಿಗ್ರಿ, 15–20 ನಿಮಿಷ ಸಾಕು. ಕ್ಯಾನುಗಳನ್ನು ತಗಡಿನ ಶೆಡ್ಡಿನಲ್ಲಿ ಬಾಯಿ ತೆರೆದಿಡಬೇಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಮೇಲೆ ಕೆನೆ ಕಟ್ಟುತ್ತದೆ, ಆ ಕೆನೆಯ ಚೂರು ಬಟ್ಟೆಗೆ ಅಂಟಿದರೂ ಕಲೆಯೇ. ಬಟ್ಟೆಯಲ್ಲಿ ಸೋಸಿ ಹಾಕಿ. ಇನ್ನೊಂದು: ನೆಲಕ್ಕೆ ಚೆಲ್ಲಿದರೆ ಹಾಗೇ ಬಿಡಬೇಡಿ. ಒದ್ದೆ ಪ್ಯಾಂಟಿನ ಹೊರೆ ಹೊತ್ತು ಓಡಾಡುವ ಹುಡುಗರು ಜಾರಿ ಬಿದ್ದದ್ದನ್ನು ಕಣ್ಣಾರೆ ನೋಡಿದ್ದೇನೆ.

ಈಗ ಹಳದಿ. ಇಲ್ಲಿ ಎಲ್ಲರೂ ಸುಮ್ನೆ ಸಿಲಿಕೋನನ್ನೇ ಬೈಯುತ್ತಾರೆ. ಬಿಸಿಗೂ ಗಾಳಿಗೂ ಸಿಕ್ಕು ಅಮೈನು ಬಣ್ಣ ತಿರುಗುವುದು ನಿಜ. ಅಮೈನ್ ನಂಬರ್, ಅಂದರೆ ಸಿಲಿಕೋನಿನಲ್ಲಿ ಎಷ್ಟು ಅಮೈನ್ ಇದೆ ಅನ್ನುವ ಲೆಕ್ಕ, ಜಾಸ್ತಿ ಇದ್ದಷ್ಟೂ ಮೆತ್ತನೆಯೂ ಜಾಸ್ತಿ, ಹಳದಿಯೂ ಜಾಸ್ತಿ. ಇದನ್ನು ಕಳೆಯಲು ಅಮೈನಿನ ಸುತ್ತ ದಪ್ಪ ಗುಂಪು ಕಟ್ಟಿ ಗಾಳಿ ಸುಲಭಕ್ಕೆ ತಾಗದಂತೆ ಮಾಡಿದ, ಕಡಿಮೆ ಹಳದಿಯ ಸಿಲಿಕೋನುಗಳು ಬಂದವು. ಮೆತ್ತನೆ ಒಂದು ಕೂದಲೆಳೆ ಕಡಿಮೆ, ಬಿಳುಪು ಉಳಿಯುತ್ತದೆ. ಆದರೆ ಅಮೈನಿನ ಹಳದಿ ಡ್ರೈಯರಿನಿಂದ ಹೊರಗೆ ಬರುವಾಗಲೇ ಕಾಣಬೇಕು, ಪೀಸಿನ ತುಂಬ ಒಂದೇ ಸಮ ಇರಬೇಕು. ಜೇಬಿನ ಒಳಗಿನ ಬಿಳಿ ಬಟ್ಟೆ ನೋಡಿದರೆ ಬೇಗ ಗೊತ್ತಾಗುತ್ತದೆ.

ನಿಮ್ಮದು ಗೋದಾಮಿನಲ್ಲಿ ಆದದ್ದು. ಮಡಿಕೆಯ ಅಂಚಿನಲ್ಲಿ, ಪ್ಲಾಸ್ಟಿಕ್ ಕವರಿನ ಬಾಯಿಯ ಕಡೆ ಹಳದಿ ಹೆಚ್ಚಿತ್ತಾ? ಹಾಗಿದ್ದರೆ ಕಾರಣ ಕವರೇ ಇರಬಹುದು. ಕೆಲವು ಪಾಲಿಥೀನ್ ಕವರುಗಳಿಗೆ, ಅವು ಬೇಗ ಹಾಳಾಗದಿರಲಿ ಅಂತ ಬಿಎಚ್‌ಟಿ ಅನ್ನುವ ವಸ್ತು ಸೇರಿಸಿರುತ್ತಾರೆ. ಅದು ಬಟ್ಟೆಗೆ ಹಾರಿ ಕೂರುತ್ತದೆ. ಡೀಸೆಲ್ ಜನರೇಟರಿನ, ಲಾರಿಯ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್ ತಾಗಿದರೆ ಹಳದಿಯಾಗುತ್ತದೆ. ಬಟ್ಟೆಯಲ್ಲಿ ಕ್ಷಾರ ಉಳಿದಿದ್ದರೆ ಆ ಬಣ್ಣ ಎದ್ದು ಕಾಣುತ್ತದೆ. ಇದನ್ನು ಪತ್ತೆ ಮಾಡಲು ನಮ್ಮ ಬಿಸಿಲೇ ಸಾಕು. ಹಳದಿಯಾದ ಒಂದು ಪೀಸಿನ ಅರ್ಧವನ್ನು ರಟ್ಟಿನಿಂದ ಮುಚ್ಚಿ ಒಂದು ದಿನ ಬಿಸಿಲಿಗಿಡಿ. ತೆರೆದ ಅರ್ಧದಲ್ಲಿ ಹಳದಿ ಹೋದರೆ ಅದು ಕವರಿನ ಹಳದಿ. ಹೋಗದಿದ್ದರೆ ಬೇರೆ ಕಡೆ ಹುಡುಕಿ: ಪಿಪಿ (ಪೊಟ್ಯಾಸಿಯಂ ಪರ್ಮ್ಯಾಂಗನೇಟ್) ಸ್ಪ್ರೇ ಹೊಡೆದ ಜಾಗದಲ್ಲಷ್ಟೇ ಕಂದು ಹಳದಿ ಇದ್ದರೆ ಮ್ಯಾಂಗನೀಸ್ ಪೂರ್ತಿ ತೊಳೆದಿಲ್ಲ. ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೂ ತಿಳಿ ಬಣ್ಣ ಮಂಕಾಗುತ್ತದೆ. ಕವರಿನ ಹಳದಿ ಅಂತ ಗೊತ್ತಾದರೆ ಬಿಎಚ್‌ಟಿ ಇಲ್ಲದ ಕವರು ಕೇಳಿ ತನ್ನಿ, ಜನರೇಟರಿನ ಹೊಗೆ ಗೋದಾಮಿಗೆ ತಿರುಗದಂತೆ ಮಾಡಿ. ಸಾಫ್ಟನರ್ ಬದಲಿಸಿದರೆ ಈ ಹಳದಿ ನಿಲ್ಲುವುದಿಲ್ಲ.

ಹೈಡ್ರೊಫಿಲಿಕ್ ಕ್ಯಾನಿನ ಕಥೆ ಚಿಕ್ಕದು. ಸಿಲಿಕೋನ್ ಬಟ್ಟೆಗೆ ಬಂದದ್ದೇ ನೀರು ತಡೆಯಲು ಅಂದೆನಲ್ಲ, ಆ ಹುಟ್ಟುಗುಣ ಅಮೈನೊ ಬಂದರೂ ಬಿಡಲಿಲ್ಲ. ಟವೆಲ್ಲು ಮೆತ್ತಗಿದ್ದು ಮೈ ಒರೆಸಲು ಬಾರದೆ ಹೋಯಿತು. ಅದಕ್ಕೆ ಸರಪಳಿಯ ನಡುವೆ ನೀರು ಪ್ರೀತಿಸುವ ಪಾಲಿಈಥರ್ ತುಂಡುಗಳನ್ನು ಸೇರಿಸಿದರು. ಬಟ್ಟೆ ಬೆವರು ಹೀರುತ್ತದೆ, ಹಳದಿ ಕಡಿಮೆ. ಕೈಗೆ ಸಿಗುವ ನುಣುಪು ಮಾತ್ರ ಸ್ವಲ್ಪ ಕಡಿಮೆ. ಬಟ್ಟೆಯ ಮೇಲೆ ಒಂದು ಹನಿ ನೀರು ಬಿಟ್ಟು ಎಣಿಸಿ. ಮೂರು ನಾಲ್ಕು ಎಣಿಸುವಷ್ಟರಲ್ಲಿ ಹೀರಿದರೆ ಸರಿ, ನಿಮಿಷವಾದರೂ ಗುಂಡಗೆ ಕೂತಿದ್ದರೆ ಮಾರುವವರು ಹೇಳಿದ್ದು ಸರಿಯಲ್ಲ.

  

ಹಾಗಾದರೆ ನಿಮಗೆ ಯಾವುದು? ಗಾಢ ನೀಲಿ, ಕಪ್ಪು, ಕಡಿಮೆ ರೇಟಿನ ಮಾಲಿಗೆ ಅಪ್ಪನ ಫ್ಲೇಕ್ಸನ್ನು ಬಿಡಬೇಡಿ. ಫ್ಲೇಕ್ಸು ಬಟ್ಟೆಗೆ ತುಂಬಿದ ಮೈ ಕೊಡುತ್ತದೆ, ಸಿಲಿಕೋನ್ ಜಾರುವ ಗುಣ ಕೊಡುತ್ತದೆ. ಎರಡನ್ನೂ ಸ್ವಲ್ಪ ಸ್ವಲ್ಪ ಹಾಕಿದರೆ ಬರುವ ಕೈ, ಅಂದರೆ ಮುಟ್ಟಿದಾಗಿನ ಹಿತ, ನನಗೆ ಬರೀ ಸಿಲಿಕೋನಿಗಿಂತ ಇಷ್ಟ. ಒಳ್ಳೆಯ ರೇಟಿನ ಮಧ್ಯಮ ಬಣ್ಣಕ್ಕೆ ಅಮೈನೊ ಮೈಕ್ರೊ, ಅಂದರೆ ಸಣ್ಣ ಹನಿಯ ಅಮೈನೊ ಸಿಲಿಕೋನ್. ಬಿಳಿ, ಐಸ್ ಬ್ಲೂ, ತಿಳಿ ಬೂದು ಬಣ್ಣಕ್ಕೆ ಕಡಿಮೆ ಹಳದಿಯದ್ದು ಅಥವಾ ಹೈಡ್ರೊಫಿಲಿಕ್. ಬೇಸಿಗೆಗೆ ಹಾಕುವ ತೆಳು ಡೆನಿಮ್ ಅಂಗಿಗೆ ಹೈಡ್ರೊಫಿಲಿಕ್ ಬಿಟ್ಟು ಬೇರೆ ಯೋಚಿಸಬೇಡಿ.

ರೇಟಿನ ವಿಷಯದಲ್ಲಿ ಒಂದು ಮಾತು. ಕ್ಯಾನಿನಲ್ಲಿರುವುದು ಹೆಚ್ಚಿನಂಶ ನೀರು. 10 ಗ್ರಾಂ ಸಾಫ್ಟನರನ್ನು ಸಣ್ಣ ಸ್ಟೀಲ್ ತಟ್ಟೆಯಲ್ಲಿ ತೂಗಿ, 105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. 3 ಗ್ರಾಂ ಉಳಿದರೆ 30 ಪರ್ಸೆಂಟ್, 1 ಗ್ರಾಂ ಉಳಿದರೆ 10. ಉಳಿದದ್ದರಲ್ಲಿ ಕಾವಲಿನ ಸಾಬೂನು ವಸ್ತುವೂ ಸೇರಿರುತ್ತದೆ, ಮೈಕ್ರೊದಲ್ಲಿ ಅದರ ಪಾಲು ಜಾಸ್ತಿ. ಆದರೂ ಒಂದೇ ಜಾತಿಯ ಎರಡು ಕ್ಯಾನು ಹೋಲಿಸಲು ಇದು ಸಾಕು. ಲೀಟರಿನ ರೇಟು ಬಿಡಿ, ಒಣ ಗ್ರಾಮಿನ ರೇಟು ಲೆಕ್ಕ ಹಾಕಿ. ಜೊತೆಗೆ ಡಿ4, ಡಿ5, ಡಿ6 ಎಷ್ಟಿದೆ ಅಂತ ಬರಹದಲ್ಲಿ ಕೇಳಿ. ಇವು ಸಿಲಿಕೋನ್ ತಯಾರಿಕೆಯಲ್ಲಿ ಉಳಿಯುವ ಉಂಗುರದಂಥ ಸಣ್ಣ ಅಣುಗಳು. ಪರಿಸರದಲ್ಲಿ ಬೇಗ ಒಡೆದು ಇಲ್ಲವಾಗುವುದಿಲ್ಲ ಅಂತ ಯುರೋಪಿನ ಒಕ್ಕೂಟ 2018ರಲ್ಲಿ ಇವನ್ನು ಹೆಚ್ಚು ಕಾಳಜಿ ಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿದೆ. ನಿಮ್ಮ ಮಾಲು ಯಾರ ಮೂಲಕವಾದರೂ ಹೊರದೇಶಕ್ಕೆ ಹೋಗುವುದಿದ್ದರೆ ಆ ಕಾಗದ ಬೇಕಾಗುತ್ತದೆ. ಹೋಗದಿದ್ದರೂ ಕೇಳಿ. ಮಷಿನಿನಿಂದ ಹೊರಗೆ ಹೋಗುವ ನೀರು ನಮ್ಮ ನೆಲಕ್ಕೇ ಇಳಿಯುವುದು. ಜಾಸ್ತಿ ಹಾಕಿದ ಸಿಲಿಕೋನ್ ಬಟ್ಟೆಗೆ ಹಿಡಿಯುವುದಿಲ್ಲ, ಚರಂಡಿಗೆ ಹೋಗುತ್ತದೆ.

ಕಲೆಯಾದ ಲಾಟು ಇನ್ನೂ ಇದ್ದರೆ ಹೀಗೆ ಮಾಡಿ ನೋಡಿ. ಋಣವೂ ಧನವೂ ಅಲ್ಲದ ನಾನ್‌ಅಯಾನಿಕ್ ಡಿಟರ್ಜೆಂಟನ್ನು ಕಲೆಯ ಮೇಲೆ ನೇರವಾಗಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, 60 ಡಿಗ್ರಿ ನೀರಿನಲ್ಲಿ ಒಗೆಯಿರಿ. ಮೊದಲು ಎರಡು ಪೀಸಿಗೆ ಮಾಡಿ, ನೀಲಿ ಎಷ್ಟು ಇಳಿಯುತ್ತದೆ ನೋಡಿಕೊಳ್ಳಿ. ಡ್ರೈಯರಿಗೆ ಹೋಗುವ ಮೊದಲೇ ಹಿಡಿದ ಕಲೆ ಸಾಮಾನ್ಯವಾಗಿ ಬಿಡುತ್ತದೆ. ಬಿಸಿಗೆ ಒಣಗಿ ತಿಂಗಳುಗಟ್ಟಲೆ ಕೂತದ್ದು ಪೂರ್ತಿ ಹೋಗುವುದು ಅಪರೂಪ. ಅಂಥ ಪೀಸುಗಳನ್ನು ಬೇರೆ ಮಾಡಿ ಗಾಢ ಟಿಂಟಿಗೆ, ಅಂದರೆ ಮೇಲೆ ಇನ್ನೊಂದು ಬಣ್ಣ ಕೊಡಲು, ಕಳಿಸಬಹುದು. ಆದರೆ ಸಿಲಿಕೋನ್ ಕೂತ ಜಾಗ ಬಣ್ಣವನ್ನೂ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಒಗೆಯದೆ ನೇರ ಟಿಂಟಿಗೆ ಹಾಕಬೇಡಿ.